ಹುಬ್ಬಳ್ಳಿ–ಧಾರವಾಡದ ಮಾಳಿಗೆಯಿಂದ 2028ರ ಖಗ್ರಾಸ ಚಂದ್ರಗ್ರಹಣವನ್ನು ನೋಡುವ ಬಗೆ

2028ರ ಡಿಸೆಂಬರ್ 31ರಂದು ಹುಬ್ಬಳ್ಳಿ–ಧಾರವಾಡದ ಆಕಾಶದಲ್ಲಿ ಖಗ್ರಾಸ ಚಂದ್ರಗ್ರಹಣವು ಮೊದಲಿನಿಂದ ಕೊನೆಯವರೆಗೂ ಕಾಣಿಸಲಿದೆ. ರಾತ್ರಿ ಸುಮಾರು 8.38ಕ್ಕೆ ಭೂಮಿಯ ದಟ್ಟ ನೆರಳು ಚಂದ್ರನನ್ನು ಮುಟ್ಟುತ್ತದೆ; 9.46ರಿಂದ 10.58ರ ವರೆಗೆ ಚಂದ್ರನು ಪೂರ್ತಿಯಾಗಿ ನೆರಳಿನೊಳಗಿರುತ್ತಾನೆ. ಹೊಸ ವರ್ಷ ಹುಟ್ಟಿ ಐದಾರು ನಿಮಿಷ ಕಳೆಯುವ ಹೊತ್ತಿಗೆ ಗ್ರಹಣ ಬಿಡುತ್ತದೆ.

ಗ್ರಹಣ ಹಿಡಿಯುವಾಗಲೇ ಚಂದ್ರನು ಪೂರ್ವದಲ್ಲಿ 30 ಡಿಗ್ರಿಗಿಂತ ಮೇಲೆ ಬಂದಿರುತ್ತಾನೆ. ಮಧ್ಯಕಾಲಕ್ಕೆ 60 ಡಿಗ್ರಿಯ ಸಮೀಪಕ್ಕೇರುತ್ತಾನೆ. ಆದ್ದರಿಂದ ನೃಪತುಂಗ ಬೆಟ್ಟವನ್ನೋ ಊರಾಚೆಯ ಬಯಲನ್ನೋ ಹುಡುಕಿಕೊಂಡು ಹೋಗಬೇಕಾಗಿಲ್ಲ, ಬೀದಿದೀಪ ನೇರವಾಗಿ ಕಣ್ಣಿಗೆ ಬೀಳದ ಮನೆಯ ಮಾಳಿಗೆಯೇ ಸಾಕು. ಸೂರ್ಯಗ್ರಹಣದಂತೆ ಇಲ್ಲಿ ಕನ್ನಡಕವೂ ಬೇಡ, ಬರಿಗಣ್ಣಿಗೆ ಯಾವ ಅಪಾಯವೂ ಇಲ್ಲ. ಧಾರವಾಡದ ಡಿಸೆಂಬರ್ ಚಳಿಯಲ್ಲಿ ಮೂರೂವರೆ ತಾಸು ಕತ್ತೆತ್ತಿ ನಿಲ್ಲುವುದು ಕಷ್ಟವಾದುದರಿಂದ ಚಾಪೆ ಹಾಸಿ, ಕೌದಿ ಹೊದ್ದು ಅಂಗಾತ ಮಲಗಿ ನೋಡುವುದೇ ಲೇಸು.

ಮೊದಲು ಚಂದ್ರನ ಕೆಳಗಿನ ಅಂಚು ಮಸುಕಾಗುವುದನ್ನು ಗಮನಿಸಿರಿ. ನೆರಳಿನ ಗೆರೆ ಬಾಗಿದಂತೆ ಕಾಣುವುದು ಭೂಮಿ ದುಂಡಗಿರುವುದರಿಂದ. ಪೂರ್ತಿ ಮುಳುಗಿದ ಮೇಲೂ ಚಂದ್ರನು ಮರೆಯಾಗದೆ ತಾಮ್ರದ ಬಣ್ಣಕ್ಕೆ ತಿರುಗುತ್ತಾನೆ; ಭೂಮಿಯ ವಾಯುಮಂಡಲವು ನೀಲಿ ಬೆಳಕನ್ನು ಚದುರಿಸಿ, ಉಳಿದ ಕೆಂಪು ಬೆಳಕನ್ನು ಬಾಗಿಸಿ ನೆರಳಿನೊಳಕ್ಕೆ ಕಳಿಸುವುದೇ ಇದಕ್ಕೆ ಕಾರಣ. ಈ ಸಲ ಚಂದ್ರನು ನೆರಳಿನ ಉತ್ತರ ಭಾಗದಲ್ಲಿ ಹಾಯುವುದರಿಂದ, ಪೂರ್ವಕ್ಕೆ ಮುಖ ಮಾಡಿದವರಿಗೆ ಎಡಬದಿ ಹೆಚ್ಚು ಬೆಳಗಿರುತ್ತದೆ, ಬಲಬದಿ ಕಪ್ಪೇರಿರುತ್ತದೆ. 7x50 ಅಥವಾ 10x50 ಅಳತೆಯ (7 ಇಲ್ಲವೆ 10 ಪಟ್ಟು ಹಿಗ್ಗಿಸಿ ತೋರಿಸುವ, 50 ಮಿ.ಮೀ. ಅಗಲದ ಮಸೂರವಿರುವ) ಬೈನಾಕ್ಯುಲರ್ ಇದ್ದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬಣ್ಣವನ್ನು 0ಯಿಂದ 4ರ ವರೆಗಿನ ಡಾಂಜೊನ್ ಮಾನದಲ್ಲಿ ಗುರುತು ಹಾಕಿಕೊಳ್ಳಬಹುದು: 0 ಎಂದರೆ ಕಾಣದಷ್ಟು ಕಪ್ಪು, 4 ಎಂದರೆ ಹೊಳೆಯುವ ತಾಮ್ರ.

ಆದರೆ ಚಂದ್ರನನ್ನೇ ನೋಡುತ್ತ ಉಳಿಯಬೇಡಿರಿ ಎಂಬುದು ನನ್ನ ಬಲವಾದ ಸಲಹೆ. 8.30ಕ್ಕೆ, ಹುಣ್ಣಿಮೆಯ ಬೆಳಕು ತುಂಬಿರುವಾಗ, ನೆತ್ತಿಯ ಬಳಿಯಿರುವ ಕೃತ್ತಿಕೆ ಎಂಬ ನಕ್ಷತ್ರಗಳ ಗೊಂಚಲಿನಲ್ಲಿ ಎಷ್ಟು ಚುಕ್ಕೆ ಕಾಣುತ್ತವೆಂದು ಎಣಿಸಿ ಬರೆದಿಡಿ, 10.20ಕ್ಕೆ ಮತ್ತೊಮ್ಮೆ ಎಣಿಸಿರಿ. ಬೆಳದಿಂಗಳು ಎಷ್ಟು ನಕ್ಷತ್ರಗಳನ್ನು ಮುಚ್ಚಿಟ್ಟಿತ್ತು ಎಂಬುದು ಆಗ ತಿಳಿಯುತ್ತದೆ. ಈ ನಡುವೆ ಮೊಬೈಲ್ ಪರದೆ ನೋಡಿದರೆ ಕತ್ತಲಿಗೆ ಒಗ್ಗಿದ ಕಣ್ಣು ಕೆಡುತ್ತದೆ. ಫೋಟೊ ಬೇಕೆನ್ನುವವರು ಫೋನನ್ನು ಟ್ರೈಪಾಡಿಗೆ ಬಿಗಿದು, ಪರದೆಯ ಬೆಳಕನ್ನು ತಗ್ಗಿಸಿಕೊಳ್ಳಲಿ.

ಗ್ರಹಣ ಬಿಟ್ಟ ಮೇಲೆ ಸ್ನಾನ ಮಾಡಿಯೇ ಉಣ್ಣುವ ಹಿರಿಯರು ಮನೆಯಲ್ಲಿದ್ದರೆ ಅವರೂ ಎಚ್ಚರವಾಗಿಯೇ ಇರುತ್ತಾರೆ. ಅವರನ್ನೂ ಕೈಹಿಡಿದು ಮಾಳಿಗೆಗೆ ಕರೆತನ್ನಿರಿ.

ಅದೇ ವರ್ಷ ಜುಲೈ 6ರ ರಾತ್ರಿ ಖಂಡಗ್ರಾಸ ಗ್ರಹಣವೊಂದಿದ್ದು, 11.50ರ ಸುಮಾರಿಗೆ ಚಂದ್ರನ ವ್ಯಾಸದ ಶೇ. 39ರಷ್ಟು ಭಾಗ ನೆರಳಿನಲ್ಲಿರುತ್ತದೆ. ಮುಂಗಾರಿನ ಮೋಡ ಹರಿದರೆ ತಾಲೀಮಿಗೆ ಅದು ತಕ್ಕ ರಾತ್ರಿ. ಧಾರವಾಡದಲ್ಲಿ ಜಿಟಿಜಿಟಿ ಮಳೆ ಹಿಡಿದಿದ್ದರೆ, ಮಳೆ ಕಡಿಮೆ ಬೀಳುವ ಗದಗದ ಕಡೆಗೆ ಸಂಜೆಯೇ ಹೊರಡುವುದು ಒಳಿತು.