ಕುಸುಬೆಯ ಸಾಲಿನ ಗುಲಗಂಜಿ ಹುಳು

ವಿಜಯಪುರ ಸೀಮೆಯ ನಮ್ಮ ಎರೆ ಹೊಲದಲ್ಲಿ ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ ಬೆಳೆಯುತ್ತೇವೆ. ದನ ನುಗ್ಗದಿರಲೆಂದು ಜೋಳದ ಅಂಚಿಗೆ ಮುಳ್ಳಿನ ಕುಸುಬೆ ಹಾಕುತ್ತೇವೆ. ಚಳಿ ಹೆಚ್ಚಿ ಮೋಡ ಕವಿಯಿತೆಂದರೆ ಕುಸುಬೆಯ ಕುಡಿಗಳಿಗೆ ಕರಿ ಹೇನು ಮುತ್ತುತ್ತದೆ. ಅದು ಸುರಿಸುವ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆದು ಗಿಡ ಸೊರಗುತ್ತದೆ. ಇದರ ನಿಯಂತ್ರಣಕ್ಕೆ ನಾನು ನೆಚ್ಚಿಕೊಂಡಿರುವುದು ಗುಲಗಂಜಿ ಹುಳುವನ್ನೇ.

ಇವುಗಳಲ್ಲಿ ನನಗೆ ಹೆಚ್ಚಾಗಿ ಸಿಗುವುದು ಕೈಲೋಮೆನಿಸ್ ಸೆಕ್ಸ್‌ಮ್ಯಾಕ್ಯುಲೇಟಾ. ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರಿಷಿಯಸ್ 1781ರಲ್ಲೇ ವಿವರಿಸಿದ ಜಾತಿ ಇದು. ಭಾರತದಿಂದ ಆಗ್ನೇಯ ಏಷ್ಯಾದವರೆಗೂ ಇದೆ. ಹೆಚ್ಚೆಂದರೆ 6 ಮಿ.ಮೀ. ಉದ್ದ. ಹಳದಿ ಅಥವಾ ಕಿತ್ತಳೆ ಬೆನ್ನಿನ ಮೇಲೆ ಅಂಕುಡೊಂಕಾದ ಕಪ್ಪು ಪಟ್ಟೆಗಳು. ಹಿಡಿದರೆ ಕಾಲಿನ ಕೀಲುಗಳಿಂದ ಹಳದಿ ರಸ ಒಸರಿಸುತ್ತದೆ, ಬೆರಳಿಗೆ ಕಟು ವಾಸನೆ ಹತ್ತುತ್ತದೆ.

ರೈತರು ಗುರುತಿಸಲೇಬೇಕಾದದ್ದು ಇದರ ಮರಿಯನ್ನು. ದೊಡ್ಡ ಹುಳುವಿಗೂ ಅದಕ್ಕೂ ಹೋಲಿಕೆಯೇ ಇಲ್ಲ: ಉದ್ದನೆಯ ಕಪ್ಪು ಮೈ, ಅಲ್ಲಲ್ಲಿ ಬಿಳಿ-ಹಳದಿ ಗುರುತು, ಚುರುಕಾದ ಆರು ಕಾಲು. ಪಕ್ಕದ ಹೊಲದ ಕಾಕಾ ಇವನ್ನು ಕಂಡು ಔಷಧಿ ಹೊಡೆಯಲು ಹೊರಟಿದ್ದರು. ‘ಕಾಕಾ, ಇವು ಎಲೆ ತಿನ್ನುವುದಿಲ್ಲ, ಸ್ವಲ್ಪ ನಿಂತು ನೋಡಿರಿ’ ಎಂದು ಕುಡಿಯೊಂದನ್ನು ಬಾಗಿಸಿ ತೋರಿಸಿದೆ. ಮರಿಯೊಂದು ಹೇನನ್ನು ಕಚ್ಚಿ ಮೇಲಕ್ಕೆತ್ತಿ ರಸ ಹೀರಿತು. ಮುದುಡಿದ ಸಿಪ್ಪೆಯನ್ನು ಬಿಟ್ಟು ಮುಂದಿನದಕ್ಕೆ ಬಾಯಿ ಹಾಕಿತು. ಕಾಕಾ ಪಂಪು ಕೆಳಗಿಟ್ಟರು. ಅಂದು ನನಗಾದ ಸಂತೋಷ ಇಷ್ಟೆನ್ನಲಾಗದು.

ಹೇನು ಕಂಡ ಮೇಲೆ ನಾನು ಮೊದಲು ನೋಡುವುದು ಎಲೆಯಡಿಯನ್ನು. ನೆಟ್ಟಗೆ ನಿಲ್ಲಿಸಿದಂತಿರುವ ಹಳದಿ ಮೊಟ್ಟೆಗಳ ಗುಂಪು ಸಿಕ್ಕರೆ ಆ ಸಾಲಿಗೆ ಏನನ್ನೂ ಹೊಡೆಯುವುದಿಲ್ಲ. ಮೂರ್ನಾಲ್ಕು ದಿನಗಳಲ್ಲಿ ಮೊಟ್ಟೆ ಒಡೆಯುತ್ತವೆ. ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ, ಹೇನು ಮಾತ್ರ ಏರುತ್ತಿದೆ ಎಂದಾದರೆ ಆ ಭಾಗಕ್ಕಷ್ಟೇ ಶೇ. 5ರ ಬೇವಿನ ಬೀಜದ ಕಷಾಯ. ಇದಕ್ಕೆ 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೆನೆಸಿ, ಸೋಸಿಕೊಳ್ಳಬೇಕು. ಇಡೀ ಹೊಲಕ್ಕೆ ಕಟುವಾದ ಕೀಟನಾಶಕ ಎರಚಿದರೆ ಗುಲಗಂಜಿ ಹುಳುಗಳೂ ಸಾಯುತ್ತವೆ. ಅಳಿದುಳಿದ ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತ ಬೇಗ ತುಂಬಿಕೊಳ್ಳುತ್ತದೆ, ಹುಳು ಅಷ್ಟು ಬೇಗ ಹೆಚ್ಚುವುದಿಲ್ಲ.

ಬೆಳೆ ಇಲ್ಲದ ತಿಂಗಳುಗಳಲ್ಲಿ ಹುಳು ಎಲ್ಲಿರಬೇಕು? ಅದಕ್ಕಾಗಿಯೇ ಒಡ್ಡಿನ ಮೇಲಿನ ಎಕ್ಕದ ಗಿಡಗಳನ್ನು ಕಡಿಯಗೊಡುವುದಿಲ್ಲ. ಎಕ್ಕಕ್ಕೆ ಹತ್ತುವ ಹಳದಿ ಹೇನು ಜೋಳಕ್ಕಾಗಲಿ ಕುಸುಬೆಗಾಗಲಿ ಬರುವುದಿಲ್ಲ, ಆದರೆ ಹುಳುವಿಗೆ ಆಹಾರವಾಗುತ್ತದೆ. ಮುಂಗಾರಿಗೆ ಒಡ್ಡಿನ ಬದಿಯಲ್ಲಿ ಅಲಸಂದೆ ಊರುತ್ತೇನೆ. ಅದರ ಕಾಯಿಗಳಿಗೆ ಮುತ್ತುವ ಹೇನನ್ನು ಹುಳುಗಳಿಗೇ ಬಿಟ್ಟು, ಉಳಿದ ಕಾಯಿಯನ್ನು ನಾವು ಪಲ್ಯಕ್ಕೆ ಬಿಡಿಸಿಕೊಳ್ಳುತ್ತೇವೆ.