ಆಟಿ ತಿಂಗಳಲ್ಲಿ ಬೆಲ್ ಪ್ರಯೋಗ: ನನ್ನ ಅನುಭವ

ಎಸ್‌ನ ಮೌಲ್ಯ 2.4 ಬಂದದ್ದು ಕಳೆದ ಆಟಿಯ ಒಂದು ರಾತ್ರಿ, ಹೆಂಚಿನ ಮೇಲೆ ಮಳೆ ಸುರಿಯುತ್ತಿದ್ದಾಗ. ಬೆಲ್ ಪ್ರಯೋಗವೆಂದರೆ, ಜೋಡಿ ಫೋಟಾನುಗಳ (ಬೆಳಕಿನ ಕಣಗಳ) ನಡುವಿನ ಹೊಂದಾಣಿಕೆ ಅವು ಮೊದಲೇ ಹೊತ್ತು ತಂದ ಗುಣಗಳಿಂದ ಬಂದದ್ದೋ, ಕ್ವಾಂಟಮ್ ಹೆಣಿಗೆಯಿಂದ ಬಂದದ್ದೋ ಎಂದು ನೋಡುವ ಪರೀಕ್ಷೆ. ಆ ಹೊಂದಾಣಿಕೆಯನ್ನು ಅಳೆಯುವ ಸಂಖ್ಯೆಯೇ ಎಸ್. ಅದು 2 ದಾಟಿದರೆ ಹೆಣಿಗೆಯಿದೆಯೆಂದು ಅರ್ಥ. ಉಡುಪಿಯ ಸಮೀಪದ ನಮ್ಮ ಕಾಲೇಜಿನ ಹಳೆಯ ಸ್ಟೋರ್ ರೂಮಿನಲ್ಲಿ ಇದು ಸಾಧ್ಯವೇ ಇಲ್ಲವೆಂದು ಹೇಳಿದವರು ಹಲವರು. "ಮಾಷ್ಟ್ರೇ, ಇಲ್ಲಿನ ತೇವದಲ್ಲಿ ಬೂಸ್ಟು ಬೆಳೆಸಬಹುದು, ಫೋಟಾನು ಎಣಿಸಲಿಕ್ಕಾಗುವುದಿಲ್ಲ" ಎಂದು ಸಹೋದ್ಯೋಗಿಯೊಬ್ಬರು ನಕ್ಕಿದ್ದರು.

ಜೋಡಣೆ ಹೀಗಿತ್ತು: 405 ನ್ಯಾನೋಮೀಟರಿನ ಡಯೋಡ್ ಲೇಸರ್, ಅದರ ಒಂದು ಫೋಟಾನನ್ನು ಎರಡಾಗಿ ಒಡೆಯುವ, ಅಡ್ಡಡ್ಡವಾಗಿ ಅಂಟಿಸಿದ ಎರಡು ಬಿಬಿಒ (ಬೇರಿಯಮ್ ಬೋರೇಟ್) ಹರಳುಗಳು, ಅವುಗಳಿಂದ ಹೊರಡುವ 810 ನ್ಯಾನೋಮೀಟರಿನ ಜೋಡಿ ಫೋಟಾನುಗಳು, ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಎರಡು ಪೋಲರೈಸರ್, ಫೋಟಾನುಗಳನ್ನು ಒಂದೊಂದಾಗಿ ಎಣಿಸುವ ಎರಡು ಡಿಟೆಕ್ಟರ್. ಎರಡೂ ಡಿಟೆಕ್ಟರುಗಳಿಗೆ ಒಂದೇ ಕ್ಷಣಕ್ಕೆ ಸಿಕ್ಕವುಗಳ ಲೆಕ್ಕವೇ ಜೋಡಿ ಎಣಿಕೆ. ಒಟ್ಟು ಖರ್ಚು ಒಂಬತ್ತು ಲಕ್ಷದ ಆಸುಪಾಸು. ಅದರಲ್ಲಿ ಐದು ಲಕ್ಷ ಡಿಟೆಕ್ಟರುಗಳಿಗೇ ಹೋಯಿತು. ಡಿಟೆಕ್ಟರ್ ಚಾಲೂ ಇರುವುದನ್ನು ಮರೆತು ನಾನೇ ಟ್ಯೂಬ್‌ಲೈಟ್ ಹಾಕಿದ ದಿನ ಅವುಗಳಲ್ಲೊಂದು ಸತ್ತಿತು. ಎರಡೂವರೆ ಲಕ್ಷ ಕಣ್ಣೆದುರೇ ಹೋದ ಮೇಲೆ ಸ್ವಿಚ್‌ಬೋರ್ಡಿಗೆ ಮರದ ಪೆಟ್ಟಿಗೆ ಬಡಿದು ಬೀಗ ಹಾಕಿದೆ. ಕಂಪನ ತಡೆಯಲು ಕಾರ್ಕಳದ ಕಲ್ಲಿನ ಚಪ್ಪಡಿಯನ್ನು ಸ್ಕೂಟರಿನ ಟ್ಯೂಬುಗಳ ಮೇಲೆ ಕೂರಿಸಿದ್ದು ಶುದ್ಧ ದಂಡ: ಟ್ಯೂಬಿನ ಗಾಳಿ ಇಳಿದಂತೆ ಚಪ್ಪಡಿ ವಾಲಿ, ದಿನವೂ ಬೆಳಕಿನ ದಾರಿ ಸರಿಪಡಿಸಬೇಕಾಗುತ್ತಿತ್ತು. ಕೊನೆಗೆ ಕೆಂಪುಕಲ್ಲಿನ ಕಟ್ಟೆ ಕಟ್ಟಿಸಿ ಅದರ ಮೇಲೆ ಇಟ್ಟೆ.

ನಿಜವಾದ ವೈರಿ ತೇವ. ಬಿಬಿಒ ನೀರು ಹೀರುತ್ತದೆಂದು ಓದಿದ್ದೆ, ಆದರೆ ರಾತ್ರಿ ಎಸಿ ಆರಿಸುತ್ತಿದ್ದ ಎರಡೇ ತಿಂಗಳಲ್ಲಿ ಹರಳಿನ ಮುಖದ ಮೇಲೆ ಟಾರ್ಚಿನ ಬೆಳಕಿಗೆ ಹಾಲಿನ ಕೆನೆಯಂಥ ಪೊರೆ ಕಾಣಿಸಿದಾಗಲೇ ಬುದ್ಧಿ ಬಂದದ್ದು. ಅದರ ಬದಲಿಗೆ ತಂದ ಹರಳುಜೋಡಿಯನ್ನು ಕೆಲಸವಿಲ್ಲದಾಗ ಸಿಲಿಕಾ ಜೆಲ್ ತುಂಬಿದ ಸ್ಟೀಲ್ ಡಬ್ಬಿಯಲ್ಲಿಟ್ಟೆ. ಕೆಲಸದ ವೇಳೆ ಅದರ ಹಿಡಿಕೆಯನ್ನು ಕೋಣೆಗಿಂತ ಕೆಲವು ಡಿಗ್ರಿ ಬೆಚ್ಚಗಿಟ್ಟೆ.

ಇಷ್ಟಾದರೂ ಎಸ್ 1.8 ದಾಟಲಿಲ್ಲ. ಪೋಲರೈಸರುಗಳನ್ನು 0 ಮತ್ತು 90 ಡಿಗ್ರಿಯಲ್ಲಿಟ್ಟಾಗ ವಿಸಿಬಿಲಿಟಿ (ಪೋಲರೈಸರ್ ತಿರುಗಿಸಿದಂತೆ ಜೋಡಿ ಎಣಿಕೆ ಎಷ್ಟು ಸ್ಪಷ್ಟವಾಗಿ ಏರಿಳಿಯುತ್ತದೆಂಬ ಅಳತೆ) 97 ಶೇಕಡಾ ಬರುತ್ತಿದ್ದುದರಿಂದ ಎಲ್ಲವೂ ಸರಿಯಿದೆಯೆಂದು ಭ್ರಮಿಸಿ ಒಂದು ಬೇಸಿಗೆ ರಜೆ ಕಳೆದೆ. ಹೆಣೆದುಕೊಳ್ಳದ, ಬರೀ ಬೆರಕೆಯಾದ ಜೋಡಿಗಳೂ ಆ ಕೋನಗಳಲ್ಲಿ ಅಷ್ಟನ್ನು ಕೊಡುತ್ತವೆ. ಪರೀಕ್ಷೆಯಾಗುವುದು 45 ಡಿಗ್ರಿಯಲ್ಲಿ, ಮತ್ತು ಅಲ್ಲಿ ನನಗೆ ಸಿಗುತ್ತಿದ್ದದ್ದು 30 ಶೇಕಡಾ ಮಾತ್ರ. ಎರಡು ಹರಳುಗಳ ಬೆಳಕಿನ ಅಲೆಗಳು ಹೊಂದಿಕೊಳ್ಳಲೆಂದು ಲೇಸರಿನ ದಾರಿಗೆ ಕ್ವಾರ್ಟ್ಜ್ ತುಂಡೊಂದನ್ನು ಇಟ್ಟು ಓರೆಮಾಡಿ, ಡಿಟೆಕ್ಟರಿನ ಮುಂದಿನ ರಂಧ್ರವನ್ನು 5 ಮಿಲಿಮೀಟರಿನಿಂದ 2ಕ್ಕೆ ಇಳಿಸಿದಾಗ ಅದು 75ರ ಸಮೀಪಕ್ಕೆ ಏರಿತು. ಕ್ವಾರ್ಟ್ಜನ್ನು ಎಷ್ಟು ಓರೆಮಾಡಬೇಕೆಂಬುದನ್ನು ಐದು ನಿಮಿಷದಲ್ಲಿ ಕಂಡುಕೊಳ್ಳುವ ಉಪಾಯವೊಂದಿದೆ. ಅದನ್ನು ಕೋಣೆಗೆ ಬಂದವರಿಗೆ ಮಾತ್ರ ತೋರಿಸುತ್ತೇನೆ. ರಂಧ್ರ ಕಿರಿದಾದ್ದರಿಂದ ಜೋಡಿ ಎಣಿಕೆ ಸೆಕೆಂಡಿಗೆ 300ರಿಂದ 80ಕ್ಕೆ ಕುಸಿಯಿತು, ಹಾಗಾಗಿ ಹದಿನಾರು ಕೋನಜೋಡಿಗಳಲ್ಲಿ ಪ್ರತಿಯೊಂದಕ್ಕೂ ಎರಡೆರಡು ನಿಮಿಷ ಕೊಟ್ಟೆ. ಎಸ್ 2.4ರ ದೋಷಮಿತಿ 0.02ರಷ್ಟು, ನಾಲ್ವರು ಭೌತವಿಜ್ಞಾನಿಗಳ ಹೆಸರಿನ ಮೊದಲಕ್ಷರಗಳಿಂದ ಕರೆಯುವ 1969ರ ಸಿಎಚ್‌ಎಸ್‌ಎಚ್ ಅಸಮತೆಯ ಮಿತಿ 2, ಕ್ವಾಂಟಮ್ ಸಿದ್ಧಾಂತದ ಗರಿಷ್ಠ 2.83. ಡಿಟೆಕ್ಟರುಗಳು ಎಲ್ಲ ಫೋಟಾನುಗಳನ್ನೂ ಹಿಡಿಯುವುದಿಲ್ಲವಾದ್ದರಿಂದ ಇದು ಲೋಪರಹಿತ ಪರೀಕ್ಷೆಯಲ್ಲ, ಅದನ್ನು ನಾನೂ ಬಲ್ಲೆ.

ನಡುವೆ ಒಂದು ಕುತೂಹಲಕ್ಕೆ, ಒಂದು ಡಿಟೆಕ್ಟರಿನ ತಂತಿಗೆ ಹತ್ತು ಮೀಟರ್ ಕೇಬಲ್ ಸೇರಿಸಿ ಸಂಕೇತವನ್ನು ಸುಮಾರು 50 ನ್ಯಾನೋಸೆಕೆಂಡ್ ತಡಮಾಡಿದೆ. ಜೋಡಿ ಎಣಿಕೆ ಸೆಕೆಂಡಿಗೆ ಒಂದಕ್ಕಿಂತಲೂ ಕೆಳಗಿಳಿಯಿತು. ನಿಜವಾದ ಜೋಡಿಗಳು ಒಟ್ಟಿಗೆ ತಲುಪದಂತಾದ ಮೇಲೆ ಉಳಿದದ್ದು ಆಕಸ್ಮಿಕವಾಗಿ ಕೂಡಿದವು ಮಾತ್ರ. ಅಂಥ ಆಕಸ್ಮಿಕ ಜೋಡಿಗಳು ಎಷ್ಟೆಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ಬೇಕಿರಲಿಲ್ಲ. ನಕ್ಕಿದ್ದ ಸಹೋದ್ಯೋಗಿಯ ಕೈಯಿಂದಲೇ ಕೇಬಲನ್ನು ಬಿಚ್ಚಿಸಿದೆ. ಎಣಿಕೆ ಮತ್ತೆ 80ಕ್ಕೆ ಏರಿದ್ದನ್ನು ಕಂಡು ಅವರು ಕುರ್ಚಿ ಎಳೆದು ಕುಳಿತು, ಹದಿನಾರೂ ಕೋನಗಳು ಮುಗಿಯುವವರೆಗೆ ಏಳಲಿಲ್ಲ.