ತಳ ಕಾಣದಿದ್ದರೆ ಬ್ಯಾಚ್ ಇಲ್ಲ

ಬೆಳಗ್ಗೆ ಮೊದಲ ಬ್ಯಾಚ್ ನೀರಿಗಿಳಿಯುವ ಮುಂಚೆ ಈಜುಕೊಳದ ಲೈಫ್‌ಗಾರ್ಡ್ ಆದ ನಾನು ಆಳದ ಕಡೆಯ ದಂಡೆಯಲ್ಲಿ ನಿಂತು ತಳದ ಡ್ರೈನ್ ಜಾಲರಿ, ಅಂದರೆ ಪಂಪ್ ನೀರೆಳೆಯುವ ಬಾಯಿಯ ಮುಚ್ಚಳ, ನೋಡುತ್ತೇನೆ. ಅದರ ಕಿಂಡಿಗಳು ಬಿಡಿಬಿಡಿಯಾಗಿ ಕಾಣಬೇಕು. ಮಸುಕಾಗಿದ್ದರೆ ಹೊರಗೆ ಎಷ್ಟೇ ಜನ ಕಾದಿರಲಿ, ಗೇಟು ತೆಗೆಯುವುದಿಲ್ಲ. ಕದಡಿದ ನೀರಿನಲ್ಲಿ ತಳ ಸೇರಿದ ಮಗುವಿನ ಮೇಲೆಯೇ ನಾಲ್ಕು ಜನ ಈಜಿ ಹೋದರೂ ಗೊತ್ತಾಗದು. ಜಾಲರಿಯ ಒಂದು ಸ್ಕ್ರೂ ಸಡಿಲವಾಗಿದ್ದರೂ ಪಂಪ್ ನಿಲ್ಲಿಸಿ ಕೊಳ ಮುಚ್ಚಿಸುತ್ತೇನೆ. ಪಂಪಿನ ಎಳೆತಕ್ಕೆ ಕೂದಲು ಸಿಕ್ಕಿದರೆ ದೊಡ್ಡವರಿಗೂ ಬಿಡಿಸಿಕೊಳ್ಳಲು ಆಗುವುದಿಲ್ಲ.

ನೀರಿನಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಅಷ್ಟು ಭಾಗ), ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7.2ರಿಂದ 7.8 ಇರಬೇಕು. ಪಿಎಚ್ 8 ದಾಟಿದರೆ ಕ್ಲೋರಿನ್ ಇದ್ದರೂ ಅದರ ಬಲ ಬಹುಪಾಲು ಹೋಗಿರುತ್ತದೆ; ಮೊದಲು ಪಿಎಚ್ ಇಳಿಸಿ, ಆಮೇಲೆ ಕ್ಲೋರಿನ್ ಪುಡಿ ಹಾಕಬೇಕು. ಬೇಸಿಗೆಯ ಬಿಸಿಲು ಕ್ಲೋರಿನ್ ತಿಂದುಬಿಡುವುದರಿಂದ ಮಧ್ಯಾಹ್ನ ಮತ್ತೆ ಪರೀಕ್ಷೆ.

ಮುಳುಗುತ್ತಿರುವವರು ಕೂಗುತ್ತಾರೆ, ಕೈ ಬೀಸುತ್ತಾರೆ ಎಂದೇ ಹೆಚ್ಚಿನವರ ನಂಬಿಕೆ. ಉಸಿರಿಗೇ ದಾರಿಯಿಲ್ಲದಾಗ ಕೂಗುವುದೆಲ್ಲಿ? ಮೈ ನೆಟ್ಟಗೆ ನಿಂತಿರುತ್ತದೆ, ಕಾಲು ಆಡುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಎರಡೂ ಕೈ ಪಕ್ಕಕ್ಕೆ ಚಾಚಿ ನೀರನ್ನು ಒತ್ತುತ್ತಿರುತ್ತವೆ. ದೂರದಿಂದ ಆಟ ಆಡಿದ ಹಾಗೇ ಕಾಣುತ್ತದೆ. ನಮಗೆ ಸಿಗುವುದು 20ರಿಂದ 60 ಸೆಕೆಂಡು. ಅದಕ್ಕೇ ನನ್ನ ಪಾಲಿನ ಜಾಗವನ್ನು 10 ಸೆಕೆಂಡಿನಲ್ಲಿ ಒಮ್ಮೆ ಪೂರ್ತಿ ನೋಡಬೇಕು, 20 ಸೆಕೆಂಡಿನಲ್ಲಿ ಮುಳುಗುವವರ ಹತ್ತಿರ ಇರಬೇಕು. ನೋಟ ತಳದಿಂದ ಶುರುವಾಗಿ ಮೇಲಕ್ಕೆ ಬರಬೇಕು. ಸಂಜೆ ಬಿಸಿಲು ನೀರಿನ ಮೇಲೆ ಹೊಳೆದು ತಳ ಮರೆಯಾದರೆ ಕುರ್ಚಿಯ ಜಾಗ ಬದಲಿಸುತ್ತೇನೆ. ಅರ್ಧ ಗಂಟೆಗೊಮ್ಮೆ ಇನ್ನೊಬ್ಬರಿಗೆ ಜಾಗ ಬಿಟ್ಟುಕೊಡುತ್ತೇನೆ, ಕಣ್ಣು ದಣಿದರೆ ನೋಡಿದರೂ ಕಾಣುವುದಿಲ್ಲ. ಸಮ್ಮರ್ ಕ್ಯಾಂಪಿನಲ್ಲಿ ಕೋಚ್ ಇದ್ದಾರಲ್ಲ ಎಂದು ಲೈಫ್‌ಗಾರ್ಡ್ ಇಲ್ಲದೆ ನಡೆಸುವುದು ದೊಡ್ಡ ತಪ್ಪು; ಕಲಿಸುವವರ ಕಣ್ಣು ಒಂದು ಮಗುವಿನ ಮೇಲಿರುತ್ತದೆ.

ನೀರಿನೊಳಗೆ ಉಸಿರು ಹಿಡಿಯುವ ಪಂದ್ಯ ಕಂಡರೆ ತಕ್ಷಣ ಸೀಟಿ. ಪದೇ ಪದೇ ಜೋರಾಗಿ ಉಸಿರೆಳೆದು ಮುಳುಗಿದವರು, ಚೆನ್ನಾಗಿ ಈಜು ಬರುವವರೂ, ಒಳಗೇ ಪ್ರಜ್ಞೆ ತಪ್ಪಬಹುದು.

ಮೇಲೆ ತಂದ ಮೇಲೆ ಹೊಟ್ಟೆ ಅಮುಕುವುದು, ತಲೆಕೆಳಗೆ ಹಿಡಿಯುವುದು ಬೇಡವೇ ಬೇಡ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶ ಸೇರುತ್ತದೆ, ಸಮಯವೂ ಹಾಳು. ಇಲ್ಲಿ ಹೃದಯ ನಿಲ್ಲುವುದು ಆಮ್ಲಜನಕ ಸಿಗದೆ, ಹಾಗಾಗಿ ಉಸಿರಾಡದವರಿಗೆ ಮೊದಲು 5 ಸಲ ಬಾಯಿಂದ ಉಸಿರು, ನಂತರ ಎದೆಯ ಮೇಲೆ 30 ಒತ್ತು, 2 ಉಸಿರು, ಹೀಗೇ ಮುಂದುವರಿಸಬೇಕು. ದೊಡ್ಡವರಿಗೆ ಎದೆ 5 ಸೆಂಟಿಮೀಟರ್ ಇಳಿಯಬೇಕು, ನಿಮಿಷಕ್ಕೆ 100ರಿಂದ 120 ಒತ್ತು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಿ, ಆಂಬುಲೆನ್ಸ್‌ಗೆ ದಾರಿ ತೋರಿಸಲು ಗೇಟಿನ ಹತ್ತಿರ ನಿಂತಿರಬೇಕು. ಎದ್ದು ಕೂತು ಮಾತಾಡಿದರೂ ಅವರನ್ನು ಮನೆಗೆ ಬಿಡುವುದಿಲ್ಲ. ಆಸ್ಪತ್ರೆಗೇ ಕಳಿಸುತ್ತೇನೆ.